ಕುದುರೆಯ ಬಾಲ ಕಪ್ಪಾದದ್ದು ಹೇಗೆ?

ಕಾರ್ಮಿಕರ ವಾಚನಾಲಯಕ್ಕೆ ಈ ವರ್ಷ ಯಾವ ಪುಸ್ತಕಗಳನ್ನು ಕೊಳ್ಳಬೇಕೆಂಬ ಪ್ರಶ್ನೆ ಬಂದಾಗ ಸಮಿತಿಯ ಸಭೆಯಲ್ಲಿ ದೊಡ್ಡ ವಾಗ್ಯುದ್ಧವೇ ನಡೆದುಹೋಯಿತು. ಜಗಳಕ್ಕೆ ಕಾರಣ ಎರಡು ಬೆರಳು ದಪ್ಪದ ಒಂದು ಕಾದಂಬರಿ. ಹೊದಿಕೆಯ ಮೇಲೆ ರೆಕ್ಕೆ ಬಿಚ್ಚಿದ ಮಹಾಪಕ್ಷಿ, ಕೆಳಗೆ ಹೆಡೆಯೆತ್ತಿದ ಸರ್ಪ, ನಡುವೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಂತ ಇಬ್ಬರು ಸೋದರಿಯರು. ಮಹಾಭಾರತದ ಆದಿಪರ್ವದಲ್ಲಿ ಬರುವ ಕದ್ರು ವಿನತೆಯರ ಕಥೆಯನ್ನು ಹಿಗ್ಗಿಸಿ ಬರೆದದ್ದು. ಇಂಥ ಪುಸ್ತಕಗಳಿಗೆ ಈಗ ಸುಗ್ಗಿ ಕಾಲ. ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾಗಿ ಬಂದ ಹುಡುಗರು ಕೂಡ ಕೈಯಿಂದ ಕೈಗೆ ದಾಟಿಸಿಕೊಂಡು ಓದುತ್ತಾರೆ.

ಸಭೆಯಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದ ಮುಖಂಡರು ನಮ್ಮ ಯೂನಿಯನ್ನಿನಲ್ಲೇ ತಲೆ ನರೆಸಿಕೊಂಡ ಹಿರಿಯ ಸಂಗಾತಿ. ಹಾವು ಹದ್ದುಗಳ ಅಡುಗೂಲಜ್ಜಿ ಕಥೆಗೆ ಕಾರ್ಮಿಕರ ಚಂದಾ ಹಣ ಸುರಿಯುವುದೆಂದರೆ ನಮ್ಮ ಕಣ್ಣಿಗೆ ನಾವೇ ಮಣ್ಣೆರಚಿಕೊಂಡಂತೆ ಎಂಬುದು ಅವರ ವಾದ. ಇನ್ನೊಂದು ಪಕ್ಷಕ್ಕೆ ಪೇಟೆ ಬೀದಿಯ ನಿವೃತ್ತ ಮಾಸ್ತರರೇ ಧುರೀಣರು. ಶ್ರಾವಣ ಮಾಸದಲ್ಲಿ ಹರಿಕಥೆ ಮಾಡುವವರು. ಕಂಠ ಈಗಲೂ ಗಟ್ಟಿ. ಹೆಂಗಸರ ಹೊಟ್ಟೆಕಿಚ್ಚು ಎಂಥ ಅನಾಹುತಕ್ಕೆ ಎಡೆಮಾಡುತ್ತದೆ, ಮಗನಾದವನ ಮಾತೃಭಕ್ತಿ ಆ ಅನಾಹುತವನ್ನು ಹೇಗೆ ಪರಿಹರಿಸುತ್ತದೆ ಎಂದು ಸಾರುವ ಪುಣ್ಯಕಥೆ ಇದು, ಮನೆಮನೆಯಲ್ಲೂ ಇರತಕ್ಕದ್ದು ಎಂದು ಅವರು ಹೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ತಿಂದುಹಾಕುವಂತೆ ನೋಡುತ್ತಿದ್ದರು. ನನಗೆ ಮಾತ್ರ ಇಬ್ಬರೂ ಒಂದೇ ಮಾತನ್ನು ಒಪ್ಪಿಕೊಂಡು ಜಗಳವಾಡುತ್ತಿರುವಂತೆ ಕಂಡಿತು. ಇದು ಇಬ್ಬರು ಹೆಂಗಸರ ಜಗಳದ ಕಥೆ ಎಂಬ ಮಾತು ಅದು. ಹೊದಿಕೆಯ ಚಿತ್ರ ಬರೆದವರೂ ಅದನ್ನೇ ಒಪ್ಪಿದ್ದಾರೆ.

ಈ ಮಾತು ಸುಳ್ಳು. ಇದು ಜೀತದ ಕಥೆ. ಮೋಸದ ಕರಾರಿನಿಂದ ಒಬ್ಬಳು ದಾಸಿಯಾದದ್ದು, ಆ ದಾಸ್ಯದಲ್ಲಿಯೇ ಹುಟ್ಟಿದ ಮಗ ಅದನ್ನು ಕಳೆಯಲು ಯಾರು ಯಾರ ಬಾಗಿಲು ತಟ್ಟಬೇಕಾಯಿತು, ಆ ಬಿಡುಗಡೆಗೆ ಬೆಲೆ ತೆತ್ತವರು ಯಾರು, ಲಾಭ ಹೊಡೆದವರು ಯಾರು ಎಂಬ ಲೆಕ್ಕ ಇಷ್ಟು ಬಿಚ್ಚಿ ಬರೆದಿರುವ ಪುರಾಣ ಇನ್ನೊಂದನ್ನು ನಾನು ಕಾಣೆ. ಈ ಲೆಕ್ಕವನ್ನು ಮುಚ್ಚುವುದಕ್ಕೇ ಅಕ್ಕತಂಗಿಯರ ಅಸೂಯೆಯೆಂಬ ಪರದೆಯನ್ನು ಇಳಿಬಿಟ್ಟಿದ್ದಾರೆ. ಆದ್ದರಿಂದ ಓದುಗ ಮಿತ್ರರ ಮುಂದೆ ಕಥೆಯನ್ನು ಮೊದಲಿನಿಂದ ಇಡಬೇಕಾಗಿದೆ. ಗೊತ್ತಿದ್ದವರು ಸೈರಿಸಬೇಕು.

ಕದ್ರು, ವಿನತೆ ಇಬ್ಬರೂ ಪ್ರಜಾಪತಿಯ ಹೆಣ್ಣುಮಕ್ಕಳು. ಇಬ್ಬರೂ ಕಶ್ಯಪನ ಹೆಂಡಿರು. ಅಂದರೆ ಸೋದರಿಯರೂ ಹೌದು, ಸವತಿಯರೂ ಹೌದು. ಒಂದು ದಿನ ಕಶ್ಯಪ ಮಹಾಶಯರು ಸಂತುಷ್ಟರಾಗಿ ವರ ಕೇಳಿರೆಂದರು. ಕದ್ರು ಸಾವಿರ ನಾಗಗಳನ್ನು ಮಕ್ಕಳಾಗಿ ಕೇಳಿದಳು. ವಿನತೆ ಇಬ್ಬರೇ ಸಾಕು, ಆದರೆ ಅವರು ಕದ್ರುವಿನ ಸಾವಿರ ಮಕ್ಕಳನ್ನು ಮೀರಿಸುವಂಥವರಾಗಲಿ ಎಂದಳು. ಇಬ್ಬರಿಗೂ ತಥಾಸ್ತು ಎಂದ ಪತಿರಾಯ ಗರ್ಭವನ್ನು ಜೋಪಾನವಾಗಿ ನೋಡಿಕೊಳ್ಳಿರೆಂದು ಹೇಳಿ ಕಾಡಿಗೆ ತಪಸ್ಸಿಗೆ ಹೊರಟುಹೋದ. ಮೇಲಾಟ ಹಚ್ಚಿಕೊಟ್ಟ ಯಜಮಾನನ ಹೊಟ್ಟೆಯಲ್ಲಿ ಕಿಚ್ಚಿಲ್ಲ, ತಪಸ್ಸಿದೆ. ಹಚ್ಚಿದ ಬೆಂಕಿಯಲ್ಲಿ ಬೇಯುವ ಹೆಂಗಸರ ಹೊಟ್ಟೆಯಲ್ಲಿ ಮಾತ್ರ ಕಿಚ್ಚಿದೆ! ಒಂದು ಮನೆಯಲ್ಲಿ ಇಬ್ಬರನ್ನು ತಂದಿಟ್ಟು ಯಾರ ಮಕ್ಕಳು ಹೆಚ್ಚು ಎಂಬ ಪೈಪೋಟಿಗೆ ಬಿಟ್ಟವನ ಹೆಸರು ಮಾಸ್ತರರ ಹರಿಕಥೆಯಲ್ಲಿ ಭಗವಾನ್ ಕಶ್ಯಪರೆಂದೇ ಬರುತ್ತದೆ. ಗಿರಣಿಯಲ್ಲಿ ಒಂದೇ ಕೆಲಸಕ್ಕೆ ಖಾಯಂ ಆಳನ್ನೂ ಬದಲಿ ಆಳನ್ನೂ ಎದುರುಬದುರು ನಿಲ್ಲಿಸಿ, ಅವರು ಕಚ್ಚಾಡುವಾಗ ಮಾಲೀಕರು ತಿರುಪತಿಗೆ ಹೋಗುವುದನ್ನು ನೋಡಿದವರಿಗೆ ಈ ಭಾಗ ಅರ್ಥವಾಗಲು ವ್ಯಾಖ್ಯಾನ ಬೇಡ.

ಮೊಟ್ಟೆಗಳನ್ನು ಬೆಚ್ಚನೆಯ ಪಾತ್ರೆಗಳಲ್ಲಿಟ್ಟು ಐನೂರು ವರ್ಷ ಕಾದರಂತೆ. ಕದ್ರುವಿನ ಸಾವಿರ ಮೊಟ್ಟೆಗಳೂ ಒಡೆದು ನಾಗಗಳಾದುವು. ವಿನತೆಯ ಎರಡು ಮೊಟ್ಟೆಗಳು ಹಾಗೆಯೇ ಉಳಿದುವು. ನಾಚಿಕೆಗೂ ಆತುರಕ್ಕೂ ಸಿಕ್ಕಿ ಅವಳು ಒಂದನ್ನು ಒಡೆದಳು. ಒಳಗೆ ಸೊಂಟದಿಂದ ಮೇಲೆ ಮಾತ್ರ ಬೆಳೆದ ಅರುಣ. ಅವನು ತಾಯಿಗೇ ಶಾಪ ಕೊಟ್ಟ: ಯಾರೊಡನೆ ಮೇಲಾಟಕ್ಕೆ ಹೋಗಿ ನನ್ನನ್ನು ಹೀಗೆ ಮಾಡಿದೆಯೋ ಅವಳಿಗೇ ಐನೂರು ವರ್ಷ ದಾಸಿಯಾಗು, ಇನ್ನೊಂದು ಮೊಟ್ಟೆಯನ್ನಾದರೂ ಒಡೆಯದೆ ಕಾದರೆ ಅದರೊಳಗಿನ ಮಗ ನಿನ್ನನ್ನು ಬಿಡಿಸುತ್ತಾನೆ ಎಂದು. ಆಮೇಲೆ ಅವನು ಸೂರ್ಯನ ಸಾರಥಿಯಾದ. ನಮ್ಮ ಕೆಲವು ನಾಯಕರಿಗೆ ಈ ಭಾಗ ಬಹಳ ಪ್ರಿಯ. ಮುಷ್ಕರದ ಮಾತೆತ್ತಿದಾಗಲೆಲ್ಲ ಅರುಣನ ಕಾಲುಗಳನ್ನು ತೋರಿಸಿ ಇನ್ನೂ ಕಾಲ ಪಕ್ವವಾಗಿಲ್ಲ ಎನ್ನುತ್ತಾರೆ. ಐನೂರು ವರ್ಷ ಕಾಯಲು ಹೇಳುವವರು ತಾವು ಮಾತ್ರ ಮುಂದಿನ ಚುನಾವಣೆಯ ತನಕವೂ ಕಾಯಲಾರರು. ಇರಲಿ.

ಈಗ ಪಂದ್ಯಕ್ಕೆ ಬರೋಣ. ಸಮುದ್ರ ಕಡೆದಾಗ ಹುಟ್ಟಿದ ಉಚ್ಚೈಃಶ್ರವಸ್ಸು ಎಂಬ ಕುದುರೆಯನ್ನು ಇಬ್ಬರೂ ಕಂಡರು. ಅದರ ಬಣ್ಣ ಯಾವುದು ಹೇಳು ಎಂದಳು ಕದ್ರು. ಬಿಳಿ ಎಂದಳು ವಿನತೆ. ನೀನೇನನ್ನುತ್ತೀ, ಬೇಕಾದರೆ ಪಂದ್ಯ ಕಟ್ಟೋಣ ಎಂದಳು. ಬಾಲ ಕಪ್ಪು ಎಂದಳು ಕದ್ರು. ಸೋತವಳು ಗೆದ್ದವಳಿಗೆ ದಾಸಿಯಾಗಬೇಕು ಎಂದಳು. ಮಾತು ಹೊರಟ ಕ್ರಮವನ್ನು ಗಮನಿಸಿರಿ. ಪಂದ್ಯವೆಂಬ ಮಾತು ವಿನತೆಯ ಬಾಯಿಂದಲೇ ಬಂತು, ನಿಜ. ಆದರೆ ಪಣ ಏನೆಂಬುದನ್ನು ಗೊತ್ತುಮಾಡಿದವಳು ಕದ್ರು. ಹಬ್ಬದ ಮುಂಚೆ ಅಂಗಡಿಗೆ ಸರಕು ತುಂಬಲು ಕೈಗಡ ಕೇಳಲು ಹೋಗುವ ಸಣ್ಣ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಸಾಲವೆಂಬ ಮಾತನ್ನು ಮೊದಲು ಆಡುವವನು ಅವನೇ. ಬಡ್ಡಿ ಎಷ್ಟು, ತಪ್ಪಿದರೆ ಏನು ಕಿತ್ತುಕೊಳ್ಳಬೇಕು ಎಂಬುದನ್ನು ಹೇಳುವವನು ಬೇರೆ. ಮುಂದೆ ಪಂಚಾಯಿತಿ ಕೂಡಿದಾಗ, ಕೇಳಿದವನು ನೀನೇ ಅಲ್ಲವೇನಯ್ಯಾ ಎಂದು ಎಲ್ಲರೂ ಅವನನ್ನೇ ಗದರಿಸುತ್ತಾರೆ.

ಇನ್ನೂ ಒಂದು ಸಂಗತಿ ಉಂಟು. ಕುದುರೆಯನ್ನು ಹತ್ತಿರ ಹೋಗಿ ನೋಡುವುದು ನಾಳೆ ಎಂದು ನಿಶ್ಚಯಿಸಿ ಇಬ್ಬರೂ ಮನೆಗೆ ಹೋದರು. ನಡುವೆ ಒಂದು ರಾತ್ರಿ. ಆ ರಾತ್ರಿ ಯಾರ ಕೈಯಲ್ಲಿತ್ತು? ವಿನತೆಗೆ ಅದು ಮಲಗುವ ರಾತ್ರಿ. ಕದ್ರುವಿಗೆ ಕೆಲಸದ ರಾತ್ರಿ. ತನ್ನ ಸಾವಿರ ಮಕ್ಕಳನ್ನು ಕರೆದು, ನೀವೆಲ್ಲ ಕಾಡಿಗೆಯಂಥ ಕಪ್ಪು ಕೂದಲಾಗಿ ಆ ಕುದುರೆಯ ಬಾಲಕ್ಕೆ ಅಂಟಿಕೊಳ್ಳಿರಿ, ನಾನು ದಾಸಿಯಾಗಬಾರದು ಎಂದಳು. ಖಾಲಿ ಪ್ರೋನೋಟಿಗೆ ಸಹಿ ಹಾಕಿಸಿಕೊಂಡು ಮೊಬಲಗನ್ನು ರಾತ್ರಿ ದೀಪದ ಬೆಳಕಿನಲ್ಲಿ ತುಂಬುವ ವಿದ್ಯೆ ಇದೇ. ಮೀಟರ್ ಬಡ್ಡಿಯವರ ಬಾಗಿಲಿಗೆ ಹೋದವರು ಇದನ್ನು ಪುರಾಣವೆಂದು ಓದಲಾರರು. ಸಾಲ ವಸೂಲಿಯ ಹೆಸರಿನಲ್ಲಿ ಮನೆಬಾಗಿಲಿಗೆ ಬಂದು ಪೀಡಿಸುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂತೆಂದರೆ ಕದ್ರುವಿನ ಮಕ್ಕಳು ಎಷ್ಟು ಬಾಲಗಳಿಗೆ ಅಂಟಿಕೊಂಡಿದ್ದರೆಂದು ಊಹಿಸಿರಿ.

ಆ ಸಾವಿರ ಹಾವುಗಳ ವಿಷಯವನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ. ಅವುಗಳಲ್ಲಿ ಕೆಲವು ಈ ಮೋಸಕ್ಕೆ ಒಪ್ಪಲಿಲ್ಲ. ಒಪ್ಪದವರಿಗೆ ತಾಯಿಯೇ ಶಾಪ ಕೊಟ್ಟಳು, ಜನಮೇಜಯನ ಸರ್ಪಯಾಗದ ಬೆಂಕಿಯಲ್ಲಿ ಬಿದ್ದು ಸಾಯಿರೆಂದು. ಮೋಸ ಮಾಡಿದ್ದಕ್ಕಲ್ಲ, ಮೋಸ ಮಾಡಲಾರೆ ಎಂದುದಕ್ಕೆ! ಈ ಶಾಪ ಬ್ರಹ್ಮದೇವನ ಕಿವಿಗೂ ಬಿತ್ತು. ಅವನು ಏನು ಮಾಡಬೇಕಾಗಿತ್ತು? ಹಾವುಗಳ ಸಂಖ್ಯೆ ವಿಪರೀತವಾಗಿದೆ, ವಿಷ ಬಲವಾಗಿದೆ, ಲೋಕಹಿತಕ್ಕೆ ಇದೇ ಒಳ್ಳೆಯದೆಂದು ಅನುಮೋದನೆ ಕೊಟ್ಟ. ದೊಡ್ಡ ಕಚೇರಿಯ ನ್ಯಾಯ ಎಲ್ಲ ಯುಗದಲ್ಲೂ ಹೀಗೆಯೇ ಇರುತ್ತದೆಯೋ ಏನೋ. ಶಾಪ ಬಿದ್ದ ಮೇಲೆ ಹಾವುಗಳು ತಮ್ಮತಮ್ಮಲ್ಲಿ ಸಭೆ ಸೇರಿ, ಅಮ್ಮನನ್ನು ಎದುರುಹಾಕಿಕೊಂಡು ಬದುಕುವುದು ಹೇಗೆ, ಹೇಳಿದಂತೆ ಕೇಳಿದರೆ ಶಾಪವನ್ನಾದರೂ ಹಿಂತೆಗೆದುಕೊಂಡಾಳು ಎಂದು ತೀರ್ಮಾನಿಸಿ ಬಾಲಕ್ಕೆ ಹೋಗಿ ಜೋತುಬಿದ್ದುವು. ಸುಳ್ಳು ಹಾಜರಿ ಬರೆಯುವ ಗುಮಾಸ್ತ, ತೂಕದಲ್ಲಿ ಹೊಡೆಯುವ ಮಂಡಿಯ ಆಳು, ಮುಷ್ಕರದ ದಿನ ಹಿಂದಿನ ಗೇಟಿನಿಂದ ಒಳನುಗ್ಗುವ ಮೇಸ್ತ್ರಿ, ಇವರೆಲ್ಲ ಹುಟ್ಟುತ್ತಲೇ ವಿಷದ ಹಲ್ಲು ಪಡೆದವರಲ್ಲ. ಹೆದರಿದವರು. ಹೆದರಿದವರ ಕೈಯಿಂದಲೇ ಬಾಲ ಕಪ್ಪಾಗುವುದು.

ಬೆಳಗಾಯಿತು. ಇಬ್ಬರೂ ಸಮುದ್ರ ದಾಟಿ ಹೋಗಿ ನೋಡಿದರು. ಬಾಲ ಕಪ್ಪಾಗಿತ್ತು. ವಿನತೆ ದಾಸಿಯಾದಳು.

ಇನ್ನೊಂದು ಮೊಟ್ಟೆಯಿಂದ ಗರುಡ ತಾನಾಗಿ ಒಡೆದು ಬಂದ. ಯಾರ ನೆರವನ್ನೂ ಬೇಡಲಿಲ್ಲ. ಮುಗಿಲು ಮುಟ್ಟುವ ಆಕಾರ, ಬೆಂಕಿಯಂಥ ಮೈ. ಅಂಥವನು ಹುಟ್ಟಿ ಮೊದಲು ಮಾಡಿದ ಕೆಲಸ ಯಾವುದು ಬಲ್ಲಿರಾ? ಹೊರೆ ಹೊತ್ತದ್ದು. ಸಮುದ್ರದ ನಡುವಿನ ದ್ವೀಪಕ್ಕೆ ನನ್ನನ್ನು ಹೊತ್ತು ನಡೆ ಎಂದು ಕದ್ರು ವಿನತೆಗೆ ಅಪ್ಪಣೆ ಮಾಡಿದಳು. ಕದ್ರುವನ್ನು ವಿನತೆ ಹೊತ್ತಳು, ಕದ್ರುವಿನ ಮಕ್ಕಳನ್ನು ವಿನತೆಯ ಮಗ ಹೊತ್ತ. ದಾಸ್ಯವೆಂಬುದು ಹೊಟ್ಟೆಯ ಮಗುವಿಗೂ ಇಳಿದುಬರುತ್ತದೆ. ತಂದೆ ಮಾಡಿದ ಸಾಲಕ್ಕೆ ಮಗನ ಬೆನ್ನು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಅಲ್ಲಿ ಚೋಮನ ಸಾಲ ತೀರಿಸಲು ಮಕ್ಕಳು ಕಾಫಿ ತೋಟದ ದಾರಿ ಹಿಡಿಯುತ್ತಾರೆ. ಅವರಿಗೆ ರೆಕ್ಕೆಗಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಕಾದಂಬರಿ ಚಲನಚಿತ್ರವಾದದ್ದು 1975ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಜೀತಪದ್ಧತಿಯನ್ನು ರದ್ದುಮಾಡುವ ಸುಗ್ರೀವಾಜ್ಞೆ ಹೊರಟಿತು, 1976ರಲ್ಲಿ ಅದು ಕಾಯಿದೆಯಾಯಿತು. ಬಲಾತ್ಕಾರದ ದುಡಿಮೆ ಸಲ್ಲದೆಂದು ಸಂವಿಧಾನದ 23ನೆಯ ವಿಧಿ 1950ರಲ್ಲೇ ಸಾರಿದ್ದ ದೇಶದಲ್ಲಿ ಕಾಯಿದೆಗೆ ಇಪ್ಪತ್ತಾರು ವರ್ಷ ಬೇಕಾಯಿತು. ಐನೂರಕ್ಕಿಂತ ಕಡಿಮೆಯೇ ಅಲ್ಲವೇ ಎಂದು ಸಮಾಧಾನಪಡಬೇಕು!

ದ್ವೀಪಕ್ಕೆ ಬಂದ ಹಾವುಗಳಿಗೆ ಅಲ್ಲಿಯೂ ತೃಪ್ತಿಯಿಲ್ಲ. ಇನ್ನೂ ಚೆಂದದ ಇನ್ನೊಂದು ದ್ವೀಪಕ್ಕೆ ಹೊತ್ತು ನಡೆ ಎಂದುವು. ಆಗ ಗರುಡ ತಾಯಿಯ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದ. ಈ ಹಾವುಗಳು ಹೇಳಿದ್ದನ್ನು ನಾನೇಕೆ ಮಾಡಬೇಕು? ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪರಾಕ್ರಮವಿಲ್ಲ. ಹೊದಿಕೆಯ ಮೇಲೆ ಇದರ ಚಿತ್ರ ಬರೆಯಲು ಯಾರಿಗೂ ತೋಚಲಿಲ್ಲ. ವಿನತೆ ಮರೆಮಾಚದೆ ಹೇಳಿದಳು: ಪಂದ್ಯದಲ್ಲಿ ಹಾವುಗಳು ಮೋಸ ಮಾಡಿದುವು, ಅದರಿಂದ ದಾಸಿಯಾದೆ ಎಂದು. ಅಂದರೆ ಅವಳಿಗೆ ಗೊತ್ತಿತ್ತು! ಗೊತ್ತಿದ್ದೂ ಹೊರುತ್ತಿದ್ದಳು.

ಇಲ್ಲಿ ನಿಂತು ವಿಚಾರ ಮಾಡೋಣ. ಮೋಸದಿಂದ ಆದ ಕರಾರು ಕರಾರೇ? ಈ ದೇಶದ 1872ರ ಕರಾರು ಕಾಯಿದೆ ಇಂಗ್ಲಿಷರು ಮಾಡಿದ್ದು, ಬಡವರ ಮೇಲಿನ ಪ್ರೀತಿಯಿಂದ ಮಾಡಿದ್ದಲ್ಲ. ಅದರ 19ನೆಯ ಕಲಮು ಕೂಡ, ವಂಚನೆಯಿಂದ ಒಪ್ಪಿಗೆ ಪಡೆದಿದ್ದರೆ ವಂಚಿತನಾದವನು ಆ ಕರಾರನ್ನು ತಳ್ಳಿಹಾಕಬಹುದು ಎನ್ನುತ್ತದೆ. 30ನೆಯ ಕಲಮು ಪಂದ್ಯದ ಕರಾರೇ ಶೂನ್ಯವೆನ್ನುತ್ತದೆ. 1976ರ ಕಾಯಿದೆ ಇನ್ನೂ ಮುಂದೆ ಹೋಗಿ, ಜೀತಕ್ಕೆ ಕಾರಣವಾದ ಸಾಲವನ್ನು ತೀರಿಸುವ ಹೊಣೆಯೂ ಅಳಿದುಹೋಯಿತೆಂದು ಬರೆಯಿತು. ಆಳನ್ನು ಬಿಡು, ಆಮೇಲೆ ಸಾಲ ವಸೂಲು ಮಾಡಿಕೋ ಎನ್ನಲಿಲ್ಲ. ಸಾಲವೇ ಇಲ್ಲ ಎಂದಿತು. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಿಗಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸುವ ದುಡಿಮೆಯೂ ಬಲಾತ್ಕಾರದ ದುಡಿಮೆಯೇ ಎಂದಿತು. ಇವೆಲ್ಲ ಕಾಗದದ ಮೇಲೆ ಇವೆ. ಆದರೆ ಜನರ ತಲೆಯೊಳಗೆ ಇಂದಿಗೂ ವಿನತೆಯ ಕರಾರೇ ನಡೆಯುತ್ತಿದೆ. ಮಾತು ಕೊಟ್ಟ ಮೇಲೆ ಆಯಿತು, ಸೋತ ಮೇಲೆ ಆಯಿತು, ಬಾಲ ಹೇಗೆ ಕಪ್ಪಾಯಿತೆಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಮಾಸ್ತರರು ಇದನ್ನು ಸತ್ಯನಿಷ್ಠೆ ಎನ್ನುತ್ತಾರೆ. ಮೋಸ ಮಾಡಿದವನಿಗೆ ಇಲ್ಲದ ನಿಷ್ಠೆ ಮೋಸಹೋದವಳಿಗೆ ಮಾತ್ರ ಏಕೆ ಎಂದು ನಾನು ಅವರನ್ನು ಕೇಳುತ್ತೇನೆ.

ಗರುಡ ಕೂಡ ಇಲ್ಲಿ ಎಡವಿದ. ಕರಾರು ಸುಳ್ಳೆಂದು ತಿಳಿದ ಕ್ಷಣದಲ್ಲಿ ಅವನು ಕುದುರೆಯ ಬಾಲವನ್ನು ಹಿಡಿದು ಒದರಬೇಕಾಗಿತ್ತು. ಅದನ್ನು ಬಿಟ್ಟು ಹಾವುಗಳ ಬಳಿಗೇ ಹೋಗಿ, ಏನು ತಂದುಕೊಟ್ಟರೆ ನಮ್ಮನ್ನು ಬಿಡುವಿರಿ ಎಂದು ವಿಚಾರಿಸಿದ. ಕೇಳಿದರೆ ಬೆಲೆ ಹೇಳದವರುಂಟೇ? ಅಮೃತ ತಾ ಎಂದುವು. ನಮ್ಮ ಜಿಲ್ಲೆಗಳ ರೈತರು ಗರುಡನಷ್ಟು ಬಲಶಾಲಿಗಳಲ್ಲ, ಆದರೆ ಈ ವಿಷಯದಲ್ಲಿ ಅವನಿಗಿಂತ ಬುದ್ಧಿವಂತರೆಂದು ಹೇಳಲೇಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ಬಳಿ ಹೋಗಿ, ಇನ್ನೆಷ್ಟು ಕೊಟ್ಟರೆ ನಮ್ಮನ್ನು ಬಿಡುವಿರಿ ಎಂದು ಕೇಳಲಿಲ್ಲ. ಗೇಣಿ ಅಳೆಯುವ ಕೊಳಗದ ಗಾತ್ರವೇನು ಎಂದು ಕೇಳಿದರು. ಬಾಲವನ್ನು ಹಿಡಿದು ಒದರುವುದೆಂದರೆ ಅದು. ಎಚ್. ಗಣಪತಿಯಪ್ಪನವರು ಕಟ್ಟಿದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಹೆಗಲು ಕೊಟ್ಟವು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಅಳತೆಯ ಕೊಳಗದಿಂದ ಶುರುವಾದ ಪ್ರಶ್ನೆ ನೆಲ ಯಾರದೆಂಬ ಪ್ರಶ್ನೆಯಾಗಿ ಬೆಳೆದು, 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿಪದ್ಧತಿಯೇ ರದ್ದಾಯಿತು.

ಪುರಾಣ ಸುಟ್ಟುಹಾಕಿರಿ ಎನ್ನುವ ನಮ್ಮ ಹಿರಿಯ ಸಂಗಾತಿಗೂ ಇಲ್ಲೇ ಒಂದು ಮಾತು. ಕಾಗೋಡಿಗೆ ಬಂದ ಅದೇ ಲೋಹಿಯಾ ರಾಮ, ಕೃಷ್ಣ, ಶಿವರ ಬಗ್ಗೆ ದೀರ್ಘವಾಗಿ ಬರೆದವರು. ನಮ್ಮ ಹೆಣ್ಣುಮಕ್ಕಳಿಗೆ ಸಾವಿತ್ರಿಗಿಂತ ದ್ರೌಪದಿ ಮೇಲು ಎಂದು ವಾದಿಸಿದವರು. ಅವರಿಗೆ ಬೇರೆ ಕೆಲಸವಿಲ್ಲದೆ ಬರೆದರೇ? ಗಿರಣಿಯ ಹುಡುಗ ಕಾರ್ಲ್ ಮಾರ್ಕ್ಸನನ್ನು ಓದುವ ಮುಂಚೆ ಅಜ್ಜಿಯ ತೊಡೆಯ ಮೇಲೆ ಗರುಡನನ್ನು ಕೇಳಿರುತ್ತಾನೆ. ಆ ಜಾಗವನ್ನು ಖಾಲಿ ಬಿಟ್ಟರೆ ಮಾಸ್ತರರು ಬಂದು ಕೂರುತ್ತಾರೆ, ಆಗಲೇ ಕುಳಿತಿದ್ದಾರೆ.

ಈಗ ಕಥೆಯ ಅತ್ಯಂತ ಕಹಿಯಾದ ಭಾಗ. ಇದನ್ನು ಬರೆಯಲು ನನಗೆ ಸಂಕೋಚವಿದೆ, ಕಾರಣವನ್ನು ಆಮೇಲೆ ಹೇಳುತ್ತೇನೆ. ಅಮೃತಕ್ಕೆ ಹೊರಟ ಗರುಡ ಹಸಿವೆಂದು ತಾಯಿಯನ್ನು ಕೇಳಿದ. ಸಮುದ್ರದ ಒಂದು ಮೂಲೆಯಲ್ಲಿ ನಿಷಾದರು ವಾಸಮಾಡುತ್ತಾರೆ, ಸಾವಿರಾರು ಜನ, ಅವರನ್ನು ತಿಂದು ಹೋಗು ಎಂದಳು ತಾಯಿ. ಬ್ರಾಹ್ಮಣನನ್ನು ಮಾತ್ರ ತಿನ್ನಬೇಡ ಎಂದು ಒಂದು ಎಚ್ಚರಿಕೆ ಕೊಟ್ಟಳು. ಮಗ ಹೋದ. ರೆಕ್ಕೆ ಬೀಸಿ ಮುಗಿಲೆತ್ತರ ಧೂಳೆಬ್ಬಿಸಿದ, ಹೊರಗೆ ಹೋಗುವ ದಾರಿಗೆ ಬಾಯಿ ತೆರೆದು ಕುಳಿತ. ಧೂಳಿನಲ್ಲಿ ಕಣ್ಣು ಕಾಣದೆ ಓಡಿದ ಜನ ಓಡಿದ್ದು ಅವನ ಬಾಯಿಯೊಳಕ್ಕೆ. ಅವರಲ್ಲೊಬ್ಬ ಬ್ರಾಹ್ಮಣ ಗಂಟಲಲ್ಲಿ ಕೆಂಡದಂತೆ ಸುಟ್ಟಾಗ ಗರುಡ, ಅಯ್ಯಾ, ನೀನು ಹೊರಗೆ ಬಾ ಎಂದ. ನನ್ನ ಹೆಂಡತಿ ನಿಷಾದಳು, ಅವಳನ್ನೂ ಬಿಡು ಎಂದ ಬ್ರಾಹ್ಮಣ. ಇಬ್ಬರೂ ಹೊರಬಂದರು. ಆಮೇಲೆ ಗರುಡ ತಂದೆಯ ಬಳಿ ಹೋಗಿ ಹೇಳಿದ: ಸಾವಿರಾರು ನಿಷಾದರನ್ನು ತಿಂದೆ, ಆದರೂ ಹೊಟ್ಟೆ ತುಂಬಲಿಲ್ಲ.

ಹೊಟ್ಟೆ ತುಂಬಲಿಲ್ಲವಂತೆ! ಆ ಜನ ವಿನತೆಗೆ ಏನು ಕೇಡು ಮಾಡಿದ್ದರು? ಅವರೇನು ಕುದುರೆಯ ಬಾಲಕ್ಕೆ ಅಂಟಿಕೊಂಡಿದ್ದರೇ? ಇದೇ ಗರುಡ ಮುಂದೆ ಹೋಗಿ ಒಂದು ಆಲದ ಕೊಂಬೆಯ ಮೇಲೆ ಕೂರುತ್ತಾನೆ, ಕೊಂಬೆ ಮುರಿಯುತ್ತದೆ, ಅದಕ್ಕೆ ತಲೆಕೆಳಗಾಗಿ ಜೋತುಕೊಂಡು ವಾಲಖಿಲ್ಯ ಋಷಿಗಳು ತಪಸ್ಸು ಮಾಡುತ್ತಿರುತ್ತಾರೆ. ಅವರಿಗೆ ನೋವಾದೀತೆಂದು ಆ ಕೊಂಬೆಯನ್ನು ಕೊಕ್ಕಿನಲ್ಲಿ ಹಿಡಿದು ಇಳಿಸಲು ಜಾಗ ಸಿಗದೆ ಆಕಾಶದಲ್ಲಿ ಸುತ್ತುತ್ತಾನೆ. ಇಷ್ಟು ನಯ ನಾಜೂಕು ಬಲ್ಲ ಕೊಕ್ಕು ಅದು! ಹರಿಕಥೆಯಲ್ಲಿ ಕೊಂಬೆಯ ಪ್ರಸಂಗಕ್ಕೆ ಅರ್ಧ ಗಂಟೆ. ದ್ವೀಪದ ಪ್ರಸಂಗಕ್ಕೆ ಒಂದು ನಗೆಚಾಟಿಕೆ. ನಾನು ಕೇಳಿದ್ದೇನೆ, ಜನ ನಕ್ಕಿದ್ದಾರೆ. ನಾನೂ ನಕ್ಕಿದ್ದೇನೆ.

ಸಂಕೋಚದ ಕಾರಣವನ್ನು ಹೇಳುತ್ತೇನೆಂದೆ. 1998ರಲ್ಲಿ ನಮ್ಮ ಜಿಲ್ಲೆಯ ಒಂದು ಗಿರಣಿಯಲ್ಲಿ ಮುಷ್ಕರವಾಗಿ, ಇಪ್ಪತ್ತಮೂರನೆಯ ದಿನ ಒಪ್ಪಂದವಾಯಿತು. ಖಾಯಂ ಕಾರ್ಮಿಕರಿಗೆ ತುಟ್ಟಿಭತ್ಯೆಯ ಬಾಕಿ ಬಂತು, ವಜಾ ಆದವರು ಮರಳಿ ಒಳಗೆ ಹೋದರು, ಪೇಟೆಯಲ್ಲಿ ಮೆರವಣಿಗೆಯಾಯಿತು. ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ನಾನೊಬ್ಬ. ಹತ್ತಿಯ ಕಸ ಆರಿಸುವ, ನೆಲ ಗುಡಿಸುವ ಹೆಂಗಸರು ಗುತ್ತಿಗೆದಾರನ ಆಳುಗಳು, ಅವರ ವಿಷಯ ಇದರಲ್ಲಿ ಬೇಡ, ತೆಗೆದರೆ ಮಾತುಕತೆ ಮುರಿದುಬೀಳುತ್ತದೆ ಎಂದು ಮ್ಯಾನೇಜ್‌ಮೆಂಟಿನವರು ಹೇಳಿದಾಗ ನಾವು ಹೂಂ ಎಂದೆವು. ಮುಷ್ಕರದ ಇಪ್ಪತ್ತಮೂರು ದಿನವೂ ಗೇಟಿನ ಮುಂದೆ ಗಂಜಿ ಕಾಯಿಸಿದವರು ಅವರೇ. ತಿಂಗಳು ತುಂಬುವುದರೊಳಗೆ ಗುತ್ತಿಗೆದಾರ ಅಷ್ಟೂ ಜನರನ್ನು ಬಿಡಿಸಿ ಬೇರೆ ಊರಿನಿಂದ ಆಳು ತಂದ. ಅವರಲ್ಲಿ ಒಬ್ಬಾಕೆ ಯೂನಿಯನ್ ಕಚೇರಿಯ ಮೆಟ್ಟಿಲ ಹತ್ತಿರ ನಿಂತು ನನ್ನನ್ನು ಕೇಳಿದಳು: “ಅಣ್ಣಾ, ಆ ಕಾಗದದಾಗ ನಮ್ಮ ಹೆಸರು ಎಲ್ಲೈತ್ರಿ?” ನಾನು ಏನು ಉತ್ತರ ಕೊಟ್ಟೆನೋ ಈಗ ನೆನಪಿಲ್ಲ. ಏನಾದರೊಂದು ಹೇಳಿರಬೇಕು. ಹೇಳುವುದರಲ್ಲಿ ನಾವು ಗಟ್ಟಿಗರು.

ಇನ್ನು ಕಥೆಯ ಲಾಭದ ಕಡೆಯನ್ನು ಬೇಗ ನೋಡಿಬಿಡೋಣ. ಗರುಡ ದೇವತೆಗಳನ್ನು ಹೊಡೆದೋಡಿಸಿ ಅಮೃತವನ್ನು ತಂದ, ತಾನು ಒಂದು ತೊಟ್ಟೂ ಕುಡಿಯಲಿಲ್ಲ. ದಾರಿಯಲ್ಲಿ ವಿಷ್ಣು ಪ್ರತ್ಯಕ್ಷನಾಗಿ ಮೆಚ್ಚಿದ. ನಿನಗಿಂತ ಮೇಲೆ ಇರುವಂತೆ ಮಾಡು ಎಂದು ಗರುಡ ಕೇಳಿದ. ನೀನು ನನ್ನ ವಾಹನವಾಗು ಎಂದು ವಿಷ್ಣು ಕೇಳಿದ. ಇಬ್ಬರ ಮಾತೂ ನಡೆಯಬೇಕಲ್ಲ, ಹಾಗಾಗಿ ಧ್ವಜದ ಮೇಲೆ ಗರುಡನ ಚಿತ್ರ, ಬೆನ್ನ ಮೇಲೆ ವಿಷ್ಣುವಿನ ಭಾರ. ತಾಯಿಯ ಬೆನ್ನಿನ ಹೊರೆ ಇಳಿಸಲು ಹೊರಟವನು ಹೊಸ ಹೊರೆ ಹೊತ್ತುಕೊಂಡು ಬಂದ. ಹೋರಾಟದ ಹುಡುಗನನ್ನು ಸಮಿತಿಯ ಸದಸ್ಯನನ್ನಾಗಿ ಮಾಡಿ, ಬಾವುಟದ ಮೇಲೆ ಚಿತ್ರ ಬರೆಸಿ, ಸವಾರಿ ಮಾತ್ರ ತಾವು ಮಾಡುವ ಪಕ್ಷಗಳನ್ನು ನಾವು ಕಂಡಿಲ್ಲವೇ? ನಮ್ಮ ಪಕ್ಷದಲ್ಲೂ ಕಂಡಿದ್ದೇವೆ.

ಮುಂದೆ ಇಂದ್ರ ಬಂದ. ವಜ್ರಾಯುಧ ಎಸೆದ, ಗರುಡ ಮರ್ಯಾದೆಗೆ ಒಂದು ಗರಿ ಉದುರಿಸಿದ, ಆಮೇಲೆ ಇಬ್ಬರಿಗೂ ಸ್ನೇಹ. ನಾನು ಅಮೃತವನ್ನು ಕೆಳಗಿಟ್ಟ ಕೂಡಲೇ ನೀನು ಎತ್ತಿಕೊಂಡು ಹೋಗು ಎಂದು ಗರುಡ ಒಳ ಒಪ್ಪಂದ ಮಾಡಿಕೊಂಡ. ಪ್ರತಿಯಾಗಿ ಹಾವುಗಳು ತನಗೆ ಆಹಾರವಾಗಲೆಂದು ಪಡೆದ. ಅಮೃತವನ್ನು ದರ್ಭೆಯ ಮೇಲಿಟ್ಟು, ಮಿಂದು ಬಂದು ಕುಡಿಯಿರಿ, ಇಂದಿನಿಂದ ನನ್ನ ತಾಯಿ ದಾಸಿಯಲ್ಲ ಎಂದ. ಹಾವುಗಳು ಆಗಲಿ ಎಂದು ಮೀಯಲು ಹೋದುವು. ಇಂದ್ರ ಎತ್ತಿಕೊಂಡು ಹೋದ. ಬಂದ ಹಾವುಗಳು ಬರೀ ದರ್ಭೆಯನ್ನು ನೆಕ್ಕಿ ನಾಲಿಗೆ ಸೀಳಿಸಿಕೊಂಡುವು. ಮೋಸಕ್ಕೆ ಮೋಸ, ತಕ್ಕ ಶಾಸ್ತಿ ಎಂದು ಚಪ್ಪಾಳೆ ಬೀಳುವುದು ಇಲ್ಲಿಯೇ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಅಮೃತ ಮೊದಲು ಎಲ್ಲಿತ್ತೋ ಅಲ್ಲಿಗೇ ಹೋಯಿತು, ದೇವಲೋಕದ ಖಜಾನೆಗೆ. ಹಾವುಗಳಿಗೆ ಸೀಳಿದ ನಾಲಿಗೆ, ಮುಂದೆ ಯಾಗದ ಬೆಂಕಿ. ನಿಷಾದರಿಗೆ ಗರುಡನ ಹೊಟ್ಟೆ.

ಈ ಇಂದ್ರನ ವಿಷಯವಾಗಿ ಇನ್ನೊಂದು ಪ್ರಸಂಗ ಅಲ್ಲೇ ಇದೆ. ಗರುಡನ ಹುಟ್ಟಿಗೆ ಮೂಲಕಾರಣವೇ ಅದು. ಕಶ್ಯಪನ ಯಾಗಕ್ಕೆ ಎಲ್ಲರೂ ಸೌದೆ ಹೊರಬೇಕಾಗಿತ್ತು. ಇಂದ್ರ ಬೆಟ್ಟದಂಥ ಹೊರೆಯನ್ನು ಸಲೀಸಾಗಿ ಹೊತ್ತು ಬರುವಾಗ, ಹೆಬ್ಬೆರಳುದ್ದದ ವಾಲಖಿಲ್ಯರು ಎಲ್ಲರೂ ಸೇರಿ ಒಂದೇ ಒಂದು ಮುತ್ತುಗದ ಎಲೆಯ ತೊಟ್ಟನ್ನು ಹೊತ್ತು, ಹಸುವಿನ ಗೊರಸಿನ ಗುಂಡಿಯಲ್ಲಿ ನಿಂತ ನೀರಿಗೆ ಬಿದ್ದು ಒದ್ದಾಡುತ್ತಿದ್ದರು. ಇಂದ್ರ ನಕ್ಕು ಅವರನ್ನು ದಾಟಿಕೊಂಡು ಹೋದ. ಆ ಸಣ್ಣ ಜನ ರೇಗಿ, ನಮಗೆ ಈ ಇಂದ್ರ ಬೇಡ, ನಿನ್ನ ನೂರರಷ್ಟು ಬಲದ ಇನ್ನೊಬ್ಬ ಇಂದ್ರ ಹುಟ್ಟಲಿ ಎಂದು ತಮ್ಮದೇ ಯಾಗ ಹೂಡಿದರು. ಇಂದ್ರ ಹೆದರಿ ಕಶ್ಯಪನ ಬಳಿಗೆ ಓಡಿದ. ಕಶ್ಯಪ ಲೇಬರ್ ಕಮಿಷನರರಂತೆ ನಡುವೆ ಬಂದು, ಇವನನ್ನು ಬ್ರಹ್ಮನೇ ನೇಮಿಸಿದ್ದಾನೆ, ಬದಲಿಸಲಾಗದು. ನಿಮ್ಮ ಯಾಗವೂ ವ್ಯರ್ಥವಾಗುವುದು ಬೇಡ. ನೀವು ಬಯಸಿದವನು ಪಕ್ಷಿಗಳಿಗೆ ಇಂದ್ರನಾಗಲಿ ಎಂದು ರಾಜಿ ಮಾಡಿಸಿದ. ಅವರು ಒಪ್ಪಿಕೊಂಡರು. ಆ ರಾಜಿಯಿಂದ ಹುಟ್ಟಿದವನೇ ನಮ್ಮ ಗರುಡ. ಸೌದೆ ಹೊರುವವರ ಸಿಟ್ಟಿನಿಂದ ಬರಬೇಕಾಗಿದ್ದ ಇನ್ನೊಬ್ಬ ಇಂದ್ರ ಕಡೆಗೆ ಹಳೆಯ ಇಂದ್ರನ ಸ್ನೇಹಿತನಾದ ಸಂಗತಿಯನ್ನು ಯಾವ ಕಾದಂಬರಿಕಾರನಾದರೂ ಬರೆದರೆ ಅವನ ಪುಸ್ತಕವನ್ನು ನಾನು ಸ್ವಂತ ದುಡ್ಡಿನಿಂದ ಕೊಂಡು ಹಂಚುತ್ತೇನೆ.

ವಾಚನಾಲಯದ ಸಮಿತಿ ಬರುವ ಭಾನುವಾರ ಸಂಜೆ ಮತ್ತೆ ಸೇರುತ್ತದೆ. ಆ ದಪ್ಪ ಕಾದಂಬರಿಯನ್ನು ಕೊಳ್ಳಬೇಕೆಂದೇ ನನ್ನ ಮತ. ಅದರ ಜೊತೆಗೆ ಆದಿಪರ್ವದ ಗದ್ಯಾನುವಾದ ಒಂದನ್ನೂ ಕೊಳ್ಳಬೇಕು, ಎರಡನ್ನೂ ಒಂದೇ ಕಪಾಟಿನಲ್ಲಿಡಬೇಕು ಎಂಬ ತಿದ್ದುಪಡಿಯನ್ನು ತರುತ್ತೇನೆ. ಹಿರಿಯ ಸಂಗಾತಿಗೆ ಈಗಾಗಲೇ ಹೇಳಿದ್ದೇನೆ, ಅವರು ಗೊಣಗುತ್ತಿದ್ದಾರೆ. ಮಾಸ್ತರರ ಹರಿಕಥೆ ಈ ಶ್ರಾವಣದಲ್ಲೂ ನಡೆಯಲಿ, ನಮ್ಮ ಗೇಟಿನ ಮುಂದೆಯೇ ನಡೆಯಲಿ, ಚಪ್ಪರದ ಖರ್ಚು ಯೂನಿಯನ್ನಿನದು. ಷರತ್ತು ಒಂದೇ. ದ್ವೀಪದ ಪ್ರಸಂಗವನ್ನು ಅವರು ಪೂರ್ತಿಯಾಗಿ ಹೇಳಬೇಕು, ಮತ್ತು ಆ ದಿನ ಮುಂದಿನ ಸಾಲಿನಲ್ಲಿ ಹತ್ತಿಯ ಕಸ ಆರಿಸುವ ಹೆಂಗಸರು ಕುಳಿತಿರಬೇಕು.